ಮಂಚದಿಂದ ವೀಲ್‌ಚೇರ್‌ಗೆ: ರೋಗಿಗೂ ನಿಮ್ಮ ಸೊಂಟಕ್ಕೂ ಪೆಟ್ಟಾಗದ ಹಾಗೆ

ನರ್ಸಿಂಗ್ ಫೌಂಡೇಶನ್ ಲ್ಯಾಬ್‌ನಲ್ಲಿ ಮಲಗಿರುವ ಮ್ಯಾನಿಕಿನ್‌ಗೆ, ಅಂದರೆ ಅಭ್ಯಾಸದ ಬೊಂಬೆಗೆ, ಭಯವಿಲ್ಲ, ತಲೆ ಸುತ್ತುವುದಿಲ್ಲ, ಸೀರೆ ಜಾರುವುದಿಲ್ಲ. ವಾರ್ಡಿನಲ್ಲಿ ಸಿಗುವ ಅಜ್ಜಿಗೆ ಇವೆಲ್ಲ ಆಗುತ್ತವೆ. ಅರ್ಧ ಎದ್ದ ಮೇಲೆ ಹೆದರಿ ನಿಮ್ಮ ಕುತ್ತಿಗೆಗೆ ಜೋತುಬೀಳುತ್ತಾರೆ, ಇಲ್ಲವೇ ನೀವು ಹೇಳುವ ಮೊದಲೇ ದಡಕ್ಕನೆ ಎದ್ದು ನಿಲ್ಲಲು ಹೋಗುತ್ತಾರೆ. ‘ಬಾಡಿ ಮೆಕ್ಯಾನಿಕ್ಸ್’ (ಕೆಲಸ ಮಾಡುವಾಗ ಮೈಯನ್ನು ಸರಿಯಾಗಿ ಬಳಸುವ ಕ್ರಮ) ಪ್ರಶ್ನೆಗೆ ಪೂರ್ತಿ ಅಂಕ ತೆಗೆದ ವಿದ್ಯಾರ್ಥಿಗಳೂ ಮೊದಲ ಕ್ಲಿನಿಕಲ್ ಪೋಸ್ಟಿಂಗ್‌ನಲ್ಲಿ ತಡವರಿಸುವುದು ಇಲ್ಲೇ.

ಈ ಲೇಖನದಲ್ಲಿ ಹೇಳುವ ಎಲ್ಲ ಹಂತಗಳ ಹಿಂದೆ ಇರುವ ವಿಚಾರ ಒಂದೇ. ರೋಗಿಯ ಭಾರ ಹೊರಲು ನೀವು ಅಲ್ಲಿಗೆ ಹೋಗಿಲ್ಲ. ಅವರಲ್ಲಿ ಉಳಿದಿರುವ ಶಕ್ತಿಯನ್ನು ಹುಡುಕಿ ಕೆಲಸಕ್ಕೆ ಹಚ್ಚಬೇಕು. ಶಕ್ತಿಯೇ ಇಲ್ಲದವರನ್ನು ಸಾಕಷ್ಟು ಜನ ಸೇರಿ ಶೀಟಿನ ಮೇಲೋ ಹಲಗೆಯ ಮೇಲೋ ಜಾರಿಸಬೇಕು. ಒಬ್ಬರೇ ತೋಳಿನ ಬಲದಿಂದ ಎತ್ತುವುದು ಎರಡರಲ್ಲೂ ಇಲ್ಲ.

ತೂಕದ ಲೆಕ್ಕ

ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಶೋಧನಾ ಸಂಸ್ಥೆ ‘ನಿಯೋಶ್’ನ ಥಾಮಸ್ ವಾಟರ್ಸ್ 2007ರಲ್ಲಿ ಒಂದು ಮಿತಿ ಸೂಚಿಸಿದರು: ಎಲ್ಲ ಅನುಕೂಲ ಇರುವಾಗಲೂ ಒಬ್ಬ ನರ್ಸ್ ಕೈಯಿಂದ ಎತ್ತಬಹುದಾದ ರೋಗಿಯ ಭಾರ 35 ಪೌಂಡ್, ಅಂದರೆ ಸುಮಾರು 16 ಕೆ.ಜಿ. ಈಗ ಲೆಕ್ಕ ಹಾಕಿ ನೋಡಿ. ಮನುಷ್ಯನ ಒಂದು ಕಾಲಿನ ತೂಕವೇ ದೇಹತೂಕದ ಸುಮಾರು ಆರನೇ ಒಂದು ಭಾಗ. 60 ಕೆ.ಜಿ. ಇರುವವರ ಒಂದು ಕಾಲು 10 ಕೆ.ಜಿ. ತೂಗುತ್ತದೆ. ಅವರ ಎರಡೂ ಕಾಲುಗಳನ್ನು ಒಟ್ಟಿಗೆ ಬಾಚಿ ಮಂಚದ ಮೇಲಿಟ್ಟರೆ ಅಷ್ಟಕ್ಕೇ ಮಿತಿ ದಾಟಿದಿರಿ. ಇಡೀ ಮನುಷ್ಯನ ಮಾತು ಹಾಗಿರಲಿ.

ಇದನ್ನು ಒತ್ತಿ ಹೇಳಲು ಕಾರಣವಿದೆ. “ಮೊಣಕಾಲು ಬಗ್ಗಿಸಿ, ಬೆನ್ನು ನೇರ ಇಡಿ, ಆಗ ಏನೂ ಆಗುವುದಿಲ್ಲ” ಎಂದು ನಮಗೆಲ್ಲ ಕಲಿಸುತ್ತಾರೆ. ಭಂಗಿ ಮುಖ್ಯವೇ. ಆದರೆ ಭಂಗಿಯ ತರಬೇತಿಯೊಂದರಿಂದಲೇ ನರ್ಸ್‌ಗಳ ಬೆನ್ನುನೋವು ತಪ್ಪುವುದಿಲ್ಲ ಎಂಬುದು ಹಲವು ಅಧ್ಯಯನಗಳಲ್ಲಿ ಕಂಡುಬಂದಿದೆ. ಸರಿಯಾದ ಭಂಗಿಯಲ್ಲಿ ನಿಂತು 70 ಕೆ.ಜಿ. ಎತ್ತಿದರೂ ಅದು 70 ಕೆ.ಜಿ.ಯೇ. ಬೆನ್ನುಮೂಳೆಯಲ್ಲಿ ಸೊಂಟದ ಭಾಗದ ಕೊನೆಯ ಎರಡು ಡಿಸ್ಕ್‌ಗಳು (ಮೂಳೆಗಳ ನಡುವಿನ ಮೆತ್ತೆಗಳು), ಅಂದರೆ ಎಲ್4–ಎಲ್5 ಮತ್ತು ಎಲ್5–ಎಸ್1, ಅದರ ಹೆಚ್ಚಿನ ಪಾಲನ್ನು ತಾಳಬೇಕಾಗುತ್ತದೆ.

ನಿಮ್ಮ ಮೈ ಹೇಗಿರಬೇಕು

ಪಾದಗಳು ಭುಜದಷ್ಟು ಅಗಲಕ್ಕಿರಲಿ, ಒಂದು ಪಾದ ಅರ್ಧ ಹೆಜ್ಜೆ ಮುಂದಿರಲಿ. ಮೊಣಕಾಲು ಮತ್ತು ಸೊಂಟದ ಕೀಲಿನಲ್ಲಿ ಬಗ್ಗಿ. ಹೊಟ್ಟೆ ಸ್ವಲ್ಪ ಬಿಗಿಹಿಡಿಯಿರಿ. ಬೆನ್ನಿಗೆ ಅದರ ಸಹಜ ಬಾಗು ಇರಲಿ. ನಮ್ಮ ದೇಹದ ಗುರುತ್ವಕೇಂದ್ರ ಕಿಬ್ಬೊಟ್ಟೆಯ ಒಳಗೆ, ಬೆನ್ನುಮೂಳೆಯ ಬುಡದ ಎರಡನೇ ಸೇಕ್ರಲ್ ಮೂಳೆಯ ಹತ್ತಿರ ಇದೆ. ಅದು ಎರಡು ಪಾದಗಳ ನಡುವಿನ ಜಾಗದ ಮೇಲೆಯೇ ಇದ್ದರೆ ನೀವು ಗಟ್ಟಿಯಾಗಿ ನಿಂತಿದ್ದೀರಿ; ಅದರಾಚೆ ಹೋದರೆ ರೋಗಿಯ ಜೊತೆ ನೀವೂ ವಾಲುತ್ತೀರಿ. ಬಾವಿಯಿಂದ ನೀರು ತರುವವರು ತುಂಬಿದ ಕೊಡವನ್ನು ಸೊಂಟಕ್ಕೆ ಒತ್ತಿಕೊಂಡು ನಡೆಯುವುದನ್ನು ನೆನಪಿಸಿಕೊಳ್ಳಿ; ರೋಗಿಯೂ ಹಾಗೆ ನಿಮ್ಮ ಮೈಗೆ ಹತ್ತಿರ ಇರಬೇಕು. ತೋಳು ಚಾಚಿ ದೂರದಿಂದ ಹಿಡಿದಷ್ಟೂ ಸೊಂಟದ ಮೇಲಿನ ಹೊರೆ ಏರುತ್ತದೆ.

ಎಲ್ಲಕ್ಕಿಂತ ಕೆಟ್ಟದ್ದು ಭಾರ ಹಿಡಿದುಕೊಂಡು ಸೊಂಟ ತಿರುಚುವುದು. ತಿರುಗಬೇಕಾದರೆ ಪಾದ ಎತ್ತಿಟ್ಟು ತಿರುಗಿ. ಪಾದ ಅಲ್ಲೇ ನೆಟ್ಟು, ನಡು ಮಾತ್ರ ಹೊರಳಿಸುವ ಅಭ್ಯಾಸ ಮೊದಲ ವಾರದಲ್ಲೇ ಬಿಟ್ಟುಹೋಗಬೇಕು.

ನಮ್ಮ ಸರ್ಕಾರಿ ಆಸ್ಪತ್ರೆಗಳ ಸಾಮಾನ್ಯ ವಾರ್ಡ್‌ಗಳಲ್ಲಿ ಇರುವುದು ಬಹುಪಾಲು ಮಾಮೂಲಿ ಕಬ್ಬಿಣದ ಮಂಚ, ಇಲ್ಲವೇ ಫೌಲರ್ ಕಾಟ್. ಹಿಡಿ ತಿರುಗಿಸಿದರೆ ತಲೆಯ ಭಾಗ, ಮೊಣಕಾಲಿನ ಭಾಗ ಏಳುತ್ತದೆಯೇ ಹೊರತು ಮಂಚದ ಎತ್ತರ ಬದಲಾಗುವುದಿಲ್ಲ. ಎತ್ತರ ಬದಲಿಸಬಹುದಾದ ಮಂಚ ಐಸಿಯುನಲ್ಲಿ ಸಿಕ್ಕರೆ, ಹೊರಳಿಸುವಾಗ ಮತ್ತು ಸರಿಸುವಾಗ ಅದನ್ನು ನಿಮ್ಮ ಸೊಂಟದ ಮಟ್ಟಕ್ಕೆ ಏರಿಸಿ, ಕೂರಿಸಿ ನಿಲ್ಲಿಸುವಾಗ ರೋಗಿಯ ಪಾದ ನೆಲ ಮುಟ್ಟುವಷ್ಟು ಇಳಿಸಿ. ಇಳಿಸಲಾಗದ ಮಂಚವಾದರೆ ರೋಗಿಯನ್ನು ಮೊದಲು ನಿಮ್ಮ ಬದಿಯ ಅಂಚಿಗೆ ಶೀಟ್ ಸಮೇತ ಎಳೆದುಕೊಂಡು ಆಮೇಲೆ ಮುಂದುವರಿಯಿರಿ. ಪಾದ ನೆಲಕ್ಕೆ ಎಟುಕದಿದ್ದರೆ ಗಟ್ಟಿಯಾದ, ಜಾರದ ಫುಟ್‌ಸ್ಟೆಪ್ ಬೇಕು. ಅಲುಗಾಡುವ ಫುಟ್‌ಸ್ಟೆಪ್ ಬಳಸುವುದಕ್ಕಿಂತ ಇನ್ನೊಬ್ಬರನ್ನು ಕರೆಯುವುದು ಮೇಲು.

ಕೈ ಹಾಕುವ ಮೊದಲು

ಕೇಸ್ ಶೀಟ್ ಓದಿ. ಏನು ಕಾಯಿಲೆ, ಯಾವಾಗ ಆಪರೇಷನ್ ಆಗಿದೆ, ಕಾಲೂರಲು ಡಾಕ್ಟರ್ ಅನುಮತಿ ಇದೆಯೇ, ಕೊನೆಯ ಬಿಪಿ ಎಷ್ಟು, ನಿದ್ದೆ ಬರಿಸುವ ಅಥವಾ ನೋವಿನ ಔಷಧಿ ಎಷ್ಟು ಹೊತ್ತಿನ ಹಿಂದೆ ಕೊಟ್ಟಿದ್ದಾರೆ, ಇಷ್ಟಾದರೂ ಗೊತ್ತಿರಬೇಕು. ಸೊಂಟದ ಕೀಲು ಬದಲಿಸಿದವರಿಗೆ ಬೇರೆ ನಿಯಮಗಳಿವೆ: ಹಿಂಬದಿಯಿಂದ ಆಪರೇಷನ್ ಆಗಿದ್ದರೆ ಸಾಮಾನ್ಯವಾಗಿ ಕೀಲು 90 ಡಿಗ್ರಿಗಿಂತ ಹೆಚ್ಚು ಬಗ್ಗಬಾರದು, ಕಾಲ ಮೇಲೆ ಕಾಲು ಬರಬಾರದು, ಪಾದ ಒಳಕ್ಕೆ ತಿರುಗಬಾರದು. ತಗ್ಗು ಸ್ಟೂಲ್ ಮೇಲೆ ಕೂರಿಸಿದರೂ ಕೀಲು ತಪ್ಪಬಹುದು.

ಆಮೇಲೆ ರೋಗಿಯನ್ನೇ ಪರೀಕ್ಷಿಸಿ. ‘ಬೆಡ್‌ಸೈಡ್ ಮೊಬಿಲಿಟಿ ಅಸೆಸ್‌ಮೆಂಟ್ ಟೂಲ್’ ಎಂಬ ವಿಧಾನ ನಾಲ್ಕೇ ಮೆಟ್ಟಿಲಿನದು, ಎರಡು ನಿಮಿಷದಲ್ಲಿ ಮುಗಿಯುತ್ತದೆ. ಮಂಚದ ಅಂಚಿನಲ್ಲಿ ಆಸರೆಯಿಲ್ಲದೆ ಕುಳಿತು, ಮೈಯ ನಡುಗೆರೆ ದಾಟಿ ಕೈ ಚಾಚಿ ನಿಮ್ಮ ಕೈ ಕುಲುಕುತ್ತಾರೆಯೇ? ಕುಳಿತಲ್ಲೇ ಮೊಣಕಾಲು ನೇರ ಮಾಡಿ ಪಾದ ಮೇಲೆ ಕೆಳಗೆ ಆಡಿಸುತ್ತಾರೆಯೇ? ಎದ್ದು ನಿಲ್ಲುತ್ತಾರೆಯೇ? ನಿಂತಲ್ಲೇ ಹೆಜ್ಜೆ ಎತ್ತಿಡುತ್ತಾರೆಯೇ? ಎಲ್ಲಿ ತಡವರಿಸಿದರೋ ಅಲ್ಲಿಗೆ ನಿಲ್ಲಿಸಿ. ಕುಳಿತಲ್ಲೇ ವಾಲುವವರನ್ನು ನಿಲ್ಲಿಸುವ ಪ್ರಶ್ನೆಯೇ ಇಲ್ಲ. ನಿನ್ನೆ ನಡೆದವರು ಇಂದೂ ನಡೆಯುತ್ತಾರೆಂಬ ಖಾತ್ರಿ ಇಲ್ಲ. ಪ್ರತಿ ಪಾಳಿಯಲ್ಲೂ ಹೊಸದಾಗಿ ನೋಡಬೇಕು.

ಜಾಗವನ್ನೂ ನೋಡಿ. ಮಂಚದ ಕೆಳಗಿನಿಂದ ಇಣುಕುವ ಫ್ಲಾಸ್ಕ್, ಊಟದ ಬ್ಯಾಗ್, ಜೊತೆಗಿರುವವರು ರಾತ್ರಿ ಮಲಗಿದ್ದ ಚಾಪೆ, ಒರೆಸಿದ ನೆಲದ ತೇವ. ಇವನ್ನು ಸರಿಮಾಡದೆ ರೋಗಿಯನ್ನು ಎಬ್ಬಿಸಬೇಡಿ. ನಿಮ್ಮ ಬಳೆ, ವಾಚು, ಉಂಗುರ ತೆಗೆಯಿರಿ, ಕೊರಳಿನ ಐಡಿ ಕಾರ್ಡ್ ಜೇಬಿಗೆ ಹಾಕಿ. ವಯಸ್ಸಾದವರ ಚರ್ಮ ಒಂದು ಗೀರಿಗೇ ಕಿತ್ತುಬರುತ್ತದೆ.

ಮಂಚದಿಂದ ವೀಲ್‌ಚೇರ್‌ಗೆ, ಹಂತ ಹಂತವಾಗಿ

ಪಾರ್ಶ್ವವಾಯು ಆಗಿ ಬಲಗೈ, ಬಲಗಾಲು ಸೋತ, ಆದರೆ ಹೇಳಿದ್ದು ತಿಳಿಯುವ, ಎಡಗಾಲಿನ ಮೇಲೆ ಭಾರ ಹಾಕಬಲ್ಲ ಹಿರಿಯರೊಬ್ಬರನ್ನು ತೆಗೆದುಕೊಳ್ಳೋಣ.

1. ಅವರು ಅಂಚಿನಲ್ಲಿ ಕುಳಿತಾಗ ಕುರ್ಚಿ ಅವರ ಎಡಕ್ಕೆ, ಅಂದರೆ ಗಟ್ಟಿ ಇರುವ ಬದಿಗೆ ಬರಬೇಕು. ಮಂಚಕ್ಕೆ ಒತ್ತಿಕೊಂಡು, 30ರಿಂದ 45 ಡಿಗ್ರಿ ಓರೆಯಾಗಿ ಇಡಿ. ಎರಡೂ ಬ್ರೇಕ್ ಹಾಕಿ, ಪಾದದ ಹಲಗೆ ಮೇಲೆ ಮಡಚಿ. ಬ್ರೇಕ್ ಹಾಕಿದೆ ಎಂದು ನಂಬಬೇಡಿ, ಕುರ್ಚಿಯನ್ನು ಕೈಯಿಂದ ಜೋರಾಗಿ ದೂಡಿ ನೋಡಿ. ಸವೆದ ಬ್ರೇಕಿನ ವೀಲ್‌ಚೇರ್‌ಗಳು ನಮ್ಮಲ್ಲಿ ಬೇಕಾದಷ್ಟಿವೆ. ಹಿಡಿಯದಿದ್ದರೆ ಬೇರೆ ಕುರ್ಚಿ ತರಿಸಿ. ಸಿಗದೇ ಹೋದರೆ ಒಬ್ಬರು ಹಿಂದೆ ನಿಂತು ಗಟ್ಟಿಯಾಗಿ ಹಿಡಿದಿರಲಿ.

2. ಟ್ಯೂಬ್‌ಗಳ ದಾರಿ ನೋಡಿ. ಯೂರಿನ್ ಬ್ಯಾಗನ್ನು ಮಂಚದಿಂದ ಬಿಡಿಸಿ ಕುರ್ಚಿಯ ಕಡೆಗೆ ತನ್ನಿ, ಮೂತ್ರಕೋಶದ ಮಟ್ಟಕ್ಕಿಂತ ಕೆಳಗೇ ಇರಲಿ. ಡ್ರಿಪ್ ಸ್ಟ್ಯಾಂಡ್ ಕುರ್ಚಿಯ ಪಕ್ಕಕ್ಕೆ ಬರಲಿ. ಬ್ಯಾಗ್ ಮಂಚದಲ್ಲೇ ಉಳಿದು ರೋಗಿ ಎದ್ದರೆ ಕ್ಯಾಥೆಟರ್ (ಮೂತ್ರದ ನಳಿಕೆ) ಜಗ್ಗಿ ರಕ್ತ ಬರುತ್ತದೆ.

3. ಏನು ಮಾಡುತ್ತೀರಿ ಎಂದು ಅವರಿಗೆ ಹೇಳಿ. “ಯಜಮಾನ್ರೇ, ಈಗ ಎಡಕ್ಕೆ ಹೊರಳಿ, ಆಮೇಲೆ ಕೂತ್ಕೊಳ್ಳೋಣ. ಎದ್ದೇಳಿ ಅಂತ ನಾನು ಹೇಳೋವರೆಗೂ ಏಳಬೇಡಿ” ಎನ್ನುವಷ್ಟು ಸಾಕು. ಉತ್ತರ ಕರ್ನಾಟಕದ ವಾರ್ಡಿನಲ್ಲಿದ್ದರೆ “ಅಜ್ಜಾರ, ನಾ ಹೇಳೂತನಕ ಏಳಬ್ಯಾಡ್ರಿ” ಎನ್ನಿ. ಅವರ ಮಾತಿನಲ್ಲೇ ಹೇಳಿದರೆ ಮೈ ಬಿಗಿ ಸಡಿಲವಾಗುತ್ತದೆ, ನಿಮ್ಮ ಅರ್ಧ ಭಾರ ಅಲ್ಲೇ ಇಳಿಯುತ್ತದೆ.

4. ಮೊಣಕಾಲು ಮಡಚಿಸಿ ಎಡಮಗ್ಗುಲಿಗೆ ಹೊರಳಿಸಿ. ಸೋತ ಬಲಗೈ ಹಿಂದೆ ಉಳಿಯದಂತೆ ಎದೆಯ ಮೇಲಿಡಿ. ಕಾಲುಗಳನ್ನು ಅಂಚಿನಿಂದ ಕೆಳಗಿಳಿಸುತ್ತಿದ್ದಂತೆ ಅವರು ಎಡ ಮೊಣಕೈ, ಆಮೇಲೆ ಅಂಗೈ ಊರಿ ಮೇಲೇಳುತ್ತಾರೆ. ನಿಮ್ಮ ಒಂದು ಕೈ ಅವರ ಭುಜದ ಹಲಗೆಯ ಹಿಂದೆ, ಇನ್ನೊಂದು ಮೊಣಕಾಲಿನ ಬಳಿ. ಕಾಲಿನ ಭಾರ ಕೆಳಗಿಳಿಯುವುದೇ ಮೈಯನ್ನು ಮೇಲಕ್ಕೆ ತರುತ್ತದೆ. ಕೈ ಹಿಡಿದು ಎಳೆದು ಕೂರಿಸಬೇಡಿ.

5. ಎರಡೂ ಪಾದ ನೆಲಕ್ಕೂರಿ ಕೂರಿಸಿ, ಕಾಯಿರಿ. ಈ ಹಂತವನ್ನು ಅವಸರದಲ್ಲಿ ಹಾರಿಸುವವರೇ ಹೆಚ್ಚು. ಬಹಳ ದಿನ ಮಲಗಿದ್ದವರು ಎದ್ದಾಗ ರಕ್ತ ಕಾಲಿಗಿಳಿದು ಬಿಪಿ ಕುಸಿಯುತ್ತದೆ. ಎದ್ದ 3 ನಿಮಿಷದೊಳಗೆ ಮೇಲಿನ ಬಿಪಿ 20 ಅಥವಾ ಕೆಳಗಿನದು 10 ಇಳಿದರೆ ಅದನ್ನು ಆರ್ಥೋಸ್ಟ್ಯಾಟಿಕ್ ಹೈಪೊಟೆನ್ಷನ್ ಎನ್ನುತ್ತೇವೆ. ಅವರ ಮುಖ ನೋಡುತ್ತಿರಿ. ತುಟಿ ಬಿಳಚುವುದು, ಹಣೆಯಲ್ಲಿ ತಣ್ಣನೆ ಬೆವರು, ಪ್ರಶ್ನೆಗೆ ಉತ್ತರ ತಡವಾಗುವುದು, ಆಕಳಿಕೆ, ಇವು “ಕಣ್ಣು ಕತ್ತಲೆ ಬರ್ತಿದೆ” ಎಂದು ಅವರು ಹೇಳುವುದಕ್ಕೂ ಮೊದಲೇ ಕಾಣಿಸಬಹುದು. ಕಂಡರೆ ಮತ್ತೆ ಮಲಗಿಸಿ.

6. ಒಂದೊಂದೇ ಪೃಷ್ಠ ಸರಿಸುತ್ತ ಅಂಚಿಗೆ ಬರಲಿ. ಪಾದಗಳು ಮೊಣಕಾಲಿಗಿಂತ ಸ್ವಲ್ಪ ಹಿಂದಕ್ಕೆ, ಎಡಪಾದ ಇನ್ನೂ ಸ್ವಲ್ಪ ಹಿಂದಕ್ಕೆ. ಚಪ್ಪಲಿ ಹಿಂಬದಿ ಪಟ್ಟಿ ಇರುವಂಥದ್ದು, ಇಲ್ಲವೇ ಬರಿಗಾಲು. ಬರೀ ಸಾಕ್ಸ್ ಬೇಡ, ಟೈಲ್ಸ್ ಮೇಲೆ ಜಾರುತ್ತದೆ.

7. ನೀವು ಎದುರಿಗೆ, ಸೋತ ಬದಿಗೆ ಸ್ವಲ್ಪ ಸರಿದು ನಿಲ್ಲಿ. ನಿಮ್ಮ ಮೊಣಕಾಲು ಅವರ ಬಲ ಮೊಣಕಾಲಿಗೆ ಎದುರಾಗಿ ತಡೆ ಕೊಡಲಿ, ಅದು ಕುಸಿಯದಂತೆ. ಹಿಡಿಯಲು ನಡುಪಟ್ಟಿ, ಅಂದರೆ ಗೇಟ್ ಬೆಲ್ಟ್, ಇದ್ದರೆ ಬಹಳ ಒಳ್ಳೆಯದು. ಹೊಟ್ಟೆಯ ಆಪರೇಷನ್ ಹೊಸದಾಗಿ ಆದವರಿಗೆ, ಪಕ್ಕೆಲುಬು ಮುರಿದವರಿಗೆ ಅದನ್ನು ಕಟ್ಟಬೇಡಿ. ಬೆಲ್ಟ್ ಇಲ್ಲದಿದ್ದರೆ ಎರಡೂ ಅಂಗೈ ಅವರ ಸೊಂಟದ ಹಿಂದೆ ಇಡಿ. ಲುಂಗಿಯ ಗಂಟು, ಪ್ಯಾಂಟಿನ ನಡು, ಸೀರೆಯ ನೆರಿಗೆ ಹಿಡಿಯಬೇಡಿ. ಬಿಚ್ಚಿಹೋಗುತ್ತದೆ, ಮಾನವೂ ಹೋಗುತ್ತದೆ, ಹಿಡಿತವೂ ತಪ್ಪುತ್ತದೆ. ಕಂಕುಳಿಗೆ ಕೈ ಹಾಕಿ ಎತ್ತುವುದಂತೂ ಪಾರ್ಶ್ವವಾಯುವಾದವರಲ್ಲಿ ಸಡಿಲವಾಗಿರುವ ಭುಜದ ಕೀಲನ್ನೇ ಜಾರಿಸಬಹುದು. ನಿಮ್ಮ ಕುತ್ತಿಗೆಗೆ ಅವರ ಕೈ ಬರಬಾರದು. ಎಡಗೈಯಿಂದ ಹಾಸಿಗೆ ಒತ್ತಲು ಹೇಳಿ.

8. “ಮೂಗು ಮುಂದಕ್ಕೆ ತನ್ನಿ, ಕಾಲ್ಬೆರಳಿನ ಮೇಲೆ ಬರೋ ಹಾಗೆ” ಎನ್ನಿ. ಒಂದು, ಎರಡು, ಮೂರು ಎಣಿಸಿ. ಮೂರಕ್ಕೆ ಏಳುವುದು ಎಂದು ಮೊದಲೇ ತೀರ್ಮಾನವಾಗಿರಲಿ. ಮೈ ಮುಂದೆ ಬಾಗಿದರೆ ಪೃಷ್ಠ ತಾನಾಗಿ ಹಗುರಾಗಿ ಮೇಲೇಳುತ್ತದೆ. ನೇರ ಮೇಲಕ್ಕೆ ಎಳೆದರೆ ಇಡೀ ಭಾರ ನಿಮ್ಮದು. ನಿಂತ ಮೇಲೆ ಒಂದು ಉಸಿರು ಬಿಟ್ಟು, ಚಿಕ್ಕ ಹೆಜ್ಜೆಗಳಲ್ಲಿ ತಿರುಗಿ. ಸೋತ ಪಾದ ಅಡ್ಡ ಮಡಚಿ ಕೆಳಗೆ ಸಿಕ್ಕಿಹಾಕಿಕೊಳ್ಳುವುದು ಇಲ್ಲಿಯೇ, ಕಣ್ಣು ಅಲ್ಲಿರಲಿ.

9. ಮೀನಖಂಡ ಕುರ್ಚಿಗೆ ತಾಗಿದ್ದು ಅವರಿಗೇ ತಿಳಿಯಬೇಕು. ಎಡಗೈ ಕುರ್ಚಿಯ ತೋಳಿಗೆ ಹೋಗಲಿ, ಆಮೇಲೆ ನಿಧಾನ ಕೂರಿಸಿ, ನಿಮ್ಮ ಮೊಣಕಾಲೂ ಜೊತೆಗೇ ಬಗ್ಗಲಿ. ಹಿಂದಕ್ಕೆ ಸರಿಸಿ, ಪಾದದ ಹಲಗೆ ಇಳಿಸಿ, ಸೋತ ಕೈಯನ್ನು ತೊಡೆಯ ಮೇಲೆ ದಿಂಬಿಟ್ಟು ಅದರ ಮೇಲಿಡಿ; ಜೋಲುಬಿಟ್ಟ ಕೈ ಚಕ್ರದ ಕಡ್ಡಿಗೆ ಸಿಗುತ್ತದೆ, ಸೆರಗೂ ಹಾಗೆಯೇ.

ಹಾಸಿಗೆಯಲ್ಲಿ ಮೇಲಕ್ಕೆ ಸರಿಸುವುದು

ನೋಡಲು ಚಿಕ್ಕ ಕೆಲಸ, ಆದರೆ ಪಾಳಿಯೊಂದರಲ್ಲಿ ಮತ್ತೆ ಮತ್ತೆ ಬರುವುದರಿಂದ ಸೊಂಟ ಸವೆಯುವುದು ಇದರಿಂದಲೇ. ತಲೆಯ ಭಾಗ ಎತ್ತರಿಸಿ ಕೂರಿಸಿದ ರೋಗಿ ಕೆಳಕ್ಕೆ ಜಾರುತ್ತಾರೆ, ಕಂಕುಳಿಗೆ ಕೈ ಹಾಕಿ ಒಬ್ಬರೇ ಜಗ್ಗುತ್ತೇವೆ. ಚರ್ಮ ಹಾಸಿಗೆಗೆ ಅಂಟಿಕೊಂಡಿರುತ್ತದೆ, ಒಳಗಿನ ಮೂಳೆ ಮೇಲಕ್ಕೆ ಹೋಗುತ್ತದೆ. ಎರಡರ ನಡುವಿನ ಸಣ್ಣ ರಕ್ತನಾಳಗಳು ಹಿಸುಕಿ ಬೆನ್ನ ಬುಡದಲ್ಲಿ ಹಾಸಿಗೆ ಹುಣ್ಣು ಶುರುವಾಗುತ್ತದೆ.

ಸರಿಯಾದ ಕ್ರಮಕ್ಕೆ ಇಬ್ಬರು ಮತ್ತು ಒಂದು ಡ್ರಾ ಶೀಟ್ (ರೋಗಿಯ ಕೆಳಗೆ ಹಾಸಿ ಸರಿಸುವ ಬಟ್ಟೆ) ಬೇಕು. ಮಡಚಿದ ಬೆಡ್‌ಶೀಟ್ ಸಾಕು, ಭುಜದಿಂದ ತೊಡೆಯವರೆಗೆ ಕೆಳಗೆ ಬರಬೇಕು. ಉಸಿರಾಟಕ್ಕೆ ತೊಂದರೆ ಇಲ್ಲದಿದ್ದರೆ ಮಂಚ ಮಟ್ಟಸ ಮಾಡಿ, ದಿಂಬನ್ನು ತಲೆಗಡೆಯ ಕಂಬಿಗೆ ನಿಲ್ಲಿಸಿ. ಶೀಟಿನ ಅಂಚನ್ನು ರೋಗಿಯ ಮೈಯವರೆಗೂ ಸುತ್ತಿ ಹಿಡಿಯಿರಿ. ರೋಗಿ ಗದ್ದ ಎದೆಗೆ ತಂದು, ಮೊಣಕಾಲು ಮಡಚಿ, ಎಣಿಕೆಗೆ ಸರಿಯಾಗಿ ಪಾದ ಒತ್ತಲಿ. ನೀವಿಬ್ಬರೂ ಹಿಂದಿನ ಕಾಲಿನಿಂದ ಮುಂದಿನ ಕಾಲಿಗೆ ಭಾರ ಬದಲಿಸಿ. ತೋಳು ಹಿಡಿದುಕೊಳ್ಳಲಿ, ಕೆಲಸ ಕಾಲು ಮಾಡಲಿ.

ಸ್ಟ್ರೆಚರ್‌ಗೆ, ಮತ್ತು ಬೆನ್ನುಮೂಳೆಗೆ ಪೆಟ್ಟಾದವರು

ಮೂವರು ಒಂದೇ ಬದಿಗೆ ನಿಂತು ರೋಗಿಯನ್ನು ತೋಳಿನ ಮೇಲೆ ಎತ್ತಿ ಎದೆಗೆ ಹೊರಳಿಸಿಕೊಂಡು ನಡೆಯುವ ವಿಧಾನ ಹಳೆಯ ಪಠ್ಯಗಳಲ್ಲಿ ಇದೆ. ಪ್ರಾಕ್ಟಿಕಲ್‌ಗೆ ಕೇಳಿದರೆ ಮಾಡಿ ತೋರಿಸಿ. ವಾರ್ಡಿನಲ್ಲಿ ಅದನ್ನು ಮಾಡಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಸ್ಟ್ರೆಚರನ್ನು ಮಂಚಕ್ಕೆ ತಾಗಿಸಿ, ಎರಡರ ಚಕ್ರವನ್ನೂ ಲಾಕ್ ಮಾಡಿ, ಸೇರಬೇಕಾದ ಮೇಲ್ಮೈ ಒಂದು ಚೂರು ತಗ್ಗಿರುವಂತೆ ನೋಡಿಕೊಂಡು, ನಡುವೆ ಸ್ಲೈಡಿಂಗ್ ಬೋರ್ಡ್, ಅಂದರೆ ಜಾರುಹಲಗೆ, ಹಾಕಿ ಕನಿಷ್ಠ ನಾಲ್ವರು ಶೀಟ್ ಸಮೇತ ಜಾರಿಸಿ. ಒಂದೇ ಎಳೆತದಲ್ಲಿ ಮುಗಿಸಬೇಕಿಲ್ಲ. ಮೊದಲು ಅಂಚಿಗೆ, ಆಮೇಲೆ ಆಚೆಗೆ.

ಅಪಘಾತದಲ್ಲಿ ಕುತ್ತಿಗೆ, ಬೆನ್ನಿಗೆ ಪೆಟ್ಟಾದ ಅನುಮಾನ ಇದ್ದರೆ ಲಾಗ್ ರೋಲ್ ಮಾತ್ರ, ಅಂದರೆ ಇಡೀ ಮೈಯನ್ನು ಮರದ ದಿಮ್ಮಿಯ ಹಾಗೆ ತಿರುಚದೆ ಒಟ್ಟಿಗೆ ಹೊರಳಿಸುವುದು. ಒಬ್ಬರು ತಲೆ ಹಿಡಿದಿರುತ್ತಾರೆ, ಎಣಿಕೆಯೂ ಆದೇಶವೂ ಅವರದೇ. ಮೂವರು ಭುಜ, ಸೊಂಟ, ಕಾಲು ಹಿಡಿದು ಒಟ್ಟಿಗೆ ಹೊರಳಿಸುತ್ತಾರೆ. ಸ್ಟ್ರೆಚರ್ ಬಂತೆಂದು ಬಂಧುಗಳು ಧಾವಿಸಿ ಕೈಕಾಲು ಹಿಡಿಯುತ್ತಾರೆ. ಅವರನ್ನು ಸೌಮ್ಯವಾಗಿ, ಆದರೆ ಗಟ್ಟಿ ದನಿಯಲ್ಲಿ ತಡೆಯುವುದೂ ನಿಮ್ಮ ಕೆಲಸ.

ಸಿಸೇರಿಯನ್ ಆದ ತಾಯಿಯ ಮೊದಲ ಹೆಜ್ಜೆ

ಹೆರಿಗೆ ವಾರ್ಡಿನಲ್ಲಿ ವಿದ್ಯಾರ್ಥಿಗಳಿಗೆ ಈ ಕೆಲಸ ಸಿಕ್ಕೇ ಸಿಗುತ್ತದೆ. ಸ್ಪೈನಲ್ ಅನಸ್ತೇಸಿಯಾದ ಮರಗಟ್ಟು ಬಿಟ್ಟಿದೆಯೇ ಎಂದು ಮೊದಲು ನೋಡಿ: ಎರಡೂ ಕಾಲನ್ನು ಒಂದೊಂದಾಗಿ ನೇರ ಎತ್ತಿ ಹಿಡಿಯಬೇಕು, ಮುಟ್ಟಿದ್ದು ತಿಳಿಯಬೇಕು. “ಜುಮ್ ಅಂತಿದೆ ಸಿಸ್ಟರ್, ಆದ್ರೆ ಎದ್ದೇಳ್ತೀನಿ” ಎಂದರೆ ಇನ್ನೂ ಸ್ವಲ್ಪ ಹೊತ್ತು ಬೇಕು. ಪ್ಯಾಡ್ ನೋಡಿ, ರಕ್ತಸ್ರಾವ ಹೆಚ್ಚಿದ್ದರೆ ಎಬ್ಬಿಸುವ ಮೊದಲು ಡ್ಯೂಟಿ ಡಾಕ್ಟರಿಗೆ ತಿಳಿಸಿ. ಮಗ್ಗುಲಾಗಿ, ಗಾಯದ ಮೇಲೆ ಚಿಕ್ಕ ದಿಂಬು ಒತ್ತಿ ಹಿಡಿದುಕೊಂಡು ಏಳಲಿ. ಮಗು ಅಜ್ಜಿಯ ಕೈಯಲ್ಲಿರಲಿ. ಶೌಚಾಲಯದ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಬಾರದು ಎಂದು ಮೊದಲೇ ಹೇಳಿ, ನೀವು ಹೊರಗೇ ನಿಂತಿರಿ.

ಬೀಳತೊಡಗಿದರೆ

ಬೀಳುತ್ತಿರುವವರನ್ನು ಎತ್ತಿ ಹಿಡಿಯಲು ಹೋಗಬೇಡಿ, ಇಬ್ಬರೂ ಬೀಳುತ್ತೀರಿ. ಒಂದು ಕಾಲು ಹಿಂದಿಟ್ಟು ಅಗಲವಾಗಿ ನಿಂತು, ಅವರನ್ನು ಮೈಗೆ ಒತ್ತಿಕೊಂಡು, ನಿಮ್ಮ ತೊಡೆಯ ಮೇಲೆ ಜಾರಿಸಿ ನಿಧಾನ ನೆಲಕ್ಕಿಳಿಸಿ. ತಲೆ ಕಾಪಾಡಿ, ಮಿಕ್ಕದ್ದು ಆಮೇಲೆ. ಕೂಗಿ ಕರೆಯಿರಿ. ನೆಲದಿಂದ ತಕ್ಷಣ ಎಬ್ಬಿಸಬಾರದು. ಪ್ರಜ್ಞೆ, ತಲೆಗೆ ಪೆಟ್ಟು, ಕುತ್ತಿಗೆ ನೋವು ನೋಡಿ. ಒಂದು ಕಾಲು ಗಿಡ್ಡವಾಗಿ, ಪಾದ ಹೊರಕ್ಕೆ ತಿರುಗಿ ಬಿದ್ದಿದ್ದರೆ ಸೊಂಟದ ಮೂಳೆ ಮುರಿದಿರಬಹುದು. ಡಾಕ್ಟರ್ ನೋಡುವವರೆಗೆ ಅಲುಗಾಡಿಸಬೇಡಿ.

ಒಬ್ಬರೇ ಆಗದು ಎನ್ನುವುದು

“ಸಿಸ್ಟರ್, ಇವರನ್ನು ನಾನೊಬ್ಬಳೇ ಎಬ್ಬಿಸೋಕೆ ಆಗಲ್ಲ, ಇನ್ನೊಬ್ಬರು ಬೇಕು.” ಈ ಮಾತನ್ನು ಗಟ್ಟಿಯಾಗಿ ಹೇಳಲು ಮೊದಲ ವರ್ಷದಲ್ಲೇ ಕಲಿಯಿರಿ. ವಾರ್ಡಿನಲ್ಲಿ ಜನ ಕಡಿಮೆ, ಕೆಲಸ ಜಾಸ್ತಿ ಎಂಬುದು ನಿಜ. ಹಾಗಂತ ವಿದ್ಯಾರ್ಥಿಯ ಸೊಂಟದಿಂದ ಆ ಕೊರತೆ ತುಂಬಬಾರದು. ವಾರ್ಡ್‌ಬಾಯ್, ಆಯಾ, ಸಹಪಾಠಿ, ಯಾರೂ ಸಿಗದಿದ್ದರೆ ರೋಗಿಯ ಮಗನೋ ಸೊಸೆಯೋ ಇರುತ್ತಾರೆ. ಅವರಿಗೆ “ಹಿಡ್ಕೊಳ್ಳಿ” ಎಂದಷ್ಟೇ ಹೇಳಬೇಡಿ. “ಅಣ್ಣಾ, ನೀವು ಕುರ್ಚಿ ಹಿಂದೆ ನಿಂತು ಎರಡೂ ಕೈಲಿ ಹಿಡೀರಿ, ನಾನು ಹೇಳೋವರೆಗೆ ಬಿಡಬೇಡಿ” ಎಂದು ಒಂದೇ ಕೆಲಸ ಕೊಡಿ. ಡಿಸ್ಚಾರ್ಜ್ ಆದ ಮೇಲೆ ಮನೆಯಲ್ಲಿ ಎಬ್ಬಿಸುವವರು ಅವರೇ, ಆದ್ದರಿಂದ ನೀವು ಮಾಡುವುದನ್ನು ಅವರು ನೋಡಿ ಕಲಿಯುತ್ತಾರೆ.

ಮುಂದೆ ಬ್ರಿಟನ್ನಿಗೋ ಕೊಲ್ಲಿ ದೇಶಕ್ಕೋ ಹೋಗುವ ಯೋಚನೆ ಇರುವವರಿಗೆ ಒಂದು ಮಾತು. ಬ್ರಿಟನ್ನಿನಲ್ಲಿ ಭಾರ ಎತ್ತುವ ಕೆಲಸಗಳಿಗೆ 1992ರಿಂದಲೇ ಕಾನೂನು ನಿಯಮಗಳಿವೆ. ಅಲ್ಲಿ ಹಾಯಿಸ್ಟ್ (ರೋಗಿಯನ್ನು ಎತ್ತುವ ಯಂತ್ರ), ಸ್ಲೈಡ್ ಶೀಟ್ (ಜಾರಿಸುವ ನುಣುಪು ಬಟ್ಟೆ) ಬಳಸದೆ ಕೈಯಿಂದ ಎತ್ತುವುದು ಶ್ರದ್ಧೆಯ ಗುರುತಲ್ಲ, ನಿಯಮದ ಉಲ್ಲಂಘನೆಯಾಗಬಹುದು. ನಿಮ್ಮ ಕಾಲೇಜಿನ ಆಸ್ಪತ್ರೆಯಲ್ಲಿ ಹಾಯಿಸ್ಟ್ ಮೂಲೆಯಲ್ಲಿ ಬಟ್ಟೆ ಹೊದ್ದು ನಿಂತಿದ್ದರೆ, ಟ್ಯೂಟರ್ ಹತ್ತಿರ ಕೇಳಿ ಬಳಸಲು ಕಲಿಯಿರಿ.

ಅಭ್ಯಾಸ, ದಾಖಲೆ

ಹಾಸ್ಟೆಲ್ ಕೋಣೆಯಲ್ಲೇ ಗೆಳತಿಯರ ಜೊತೆ ಅಭ್ಯಾಸ ಮಾಡಿ, ಸರದಿಯಂತೆ ರೋಗಿಯಾಗಿ. ಒಂದು ಕೈಯನ್ನು ದುಪಟ್ಟಾದಿಂದ ಮೈಗೆ ಕಟ್ಟಿಸಿಕೊಂಡು, ಕಣ್ಣು ಮುಚ್ಚಿ ಕುಳಿತುಕೊಳ್ಳಿ. ಹೇಳದೆ ಎಬ್ಬಿಸಿದಾಗ ಹೊಟ್ಟೆಯಲ್ಲಿ ಏನಾಗುತ್ತದೆಂದು ಆಗ ಗೊತ್ತಾಗುತ್ತದೆ, ಮಾರನೇ ದಿನ ವಾರ್ಡಿನಲ್ಲಿ ಹೇಳದೆ ಯಾರನ್ನೂ ಎಬ್ಬಿಸುವುದಿಲ್ಲ. ಸೊಂಟದಲ್ಲಿ ಚಳಕು ಬಂದರೆ, ನೋವು ಕಾಲಿಗೆ ಇಳಿದರೆ ಮಾತ್ರೆ ನುಂಗಿ ಮುಚ್ಚಿಡದೆ ಅಂದೇ ಟ್ಯೂಟರಿಗೆ ತಿಳಿಸಿ.

ಸ್ಥಳಾಂತರ ಮುಗಿದ ಮೇಲೆ ನರ್ಸಸ್ ನೋಟ್ಸ್‌ನಲ್ಲಿ ಬರೆಯಿರಿ: ಎಷ್ಟು ಗಂಟೆಗೆ ಎಬ್ಬಿಸಿದಿರಿ, ಎಷ್ಟು ಜನ ಬೇಕಾಯಿತು, ಯಾವ ಬದಿಯಿಂದ, ಕುಳಿತಾಗ ಬಿಪಿ ಎಷ್ಟಿತ್ತು, ತಲೆ ಸುತ್ತಿತೇ, ಎಷ್ಟು ಹೊತ್ತು ಕುರ್ಚಿಯಲ್ಲಿದ್ದರು. ರಾತ್ರಿ ಪಾಳಿಗೆ ಬರುವವರು ಆ ಸಾಲು ಓದಿಯೇ ಇಬ್ಬರು ಹೋಗಬೇಕೋ ಮೂವರೋ ಎಂದು ತೀರ್ಮಾನಿಸುತ್ತಾರೆ.